ಮಾತಾಡಿದವರ ಹೆಸರು ಬರೆಯುವ ಹುಡುಗ

ಬೋರ್ಡಿನ ಎಡ ಮೂಲೆಯಲ್ಲಿ ಒಂದು ಉದ್ದ ಗೆರೆ. ಮೇಲೆ ‘ಮಾತಾಡಿದವರು’ ಎಂಬ ತಲೆಬರಹ. ಅದರ ಕೆಳಗೆ ಒಂದೊಂದೇ ಹೆಸರು. ಎಚ್ಚರಿಸಿದ ಮೇಲೂ ಬಾಯಿ ಬಿಟ್ಟರೆ ಹೆಸರಿನ ಮುಂದೆ ಒಂದು ಇಂಟು ಮಾರ್ಕು. ಮತ್ತೆ ಮಾತಾಡಿದರೆ ಇನ್ನೊಂದು. ಸರ್ ಬಂದ ಮೇಲೆ ಒಂದು ಇಂಟುವಿಗೆ ಒಂದು ಏಟು. ನಿಮ್ಮ ಶಾಲೆಯಲ್ಲೂ ಇದು ಇತ್ತಲ್ಲವೇ? ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ, ಸರ್ಕಾರಿಯೋ ಖಾಸಗಿಯೋ, ಬೋರ್ಡಿನ ಆ ಮೂಲೆ ಮಾತ್ರ ಎಲ್ಲ ಕಡೆ ಒಂದೇ.

ಎಂಟನೇ ತರಗತಿಯಲ್ಲಿ ಆ ಚಾಕ್‌ಪೀಸ್ ನನ್ನ ಕೈಯಲ್ಲಿತ್ತು. ಹುಡುಗರ ಸರ್ಕಾರಿ ಪ್ರೌಢಶಾಲೆ, ಒಂದು ಕ್ಲಾಸಿಗೆ ಎಪ್ಪತ್ತು ಹುಡುಗರು. ಮೊದಲ ಬೆಂಚಿನಲ್ಲಿ ಕೂರುತ್ತಿದ್ದೆ, ಅಕ್ಷರ ದುಂಡಗಿತ್ತು, ಅಷ್ಟೇ ಅರ್ಹತೆ. ನನ್ನನ್ನು ಮಾನಿಟರ್ ಮಾಡಿದರು. ಆ ವರ್ಷದ ಬಗ್ಗೆ ನಾನು ಬಹಳ ದಿನ ಹೆಮ್ಮೆ ಪಟ್ಟುಕೊಂಡಿದ್ದೆ. ಈಗ ಬಿ.ಎಡ್. ಓದುತ್ತಿದ್ದೇನೆ. ಶಿಕ್ಷಣದ ಇತಿಹಾಸದ ಪತ್ರಿಕೆಗೆ ಓದುವಾಗ, ಈ ಮಾನಿಟರ್, ಲೀಡರ್, ರೆಡ್ ಹೌಸ್, ಬ್ಲೂ ಹೌಸ್ ಎಲ್ಲ ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದೆ. ಹುಡುಕಿದ್ದು ಇಂಗ್ಲೆಂಡಿನ ಒಂದು ಹುಡುಗರ ಶಾಲೆಗೆ ಕರೆದುಕೊಂಡು ಹೋಯಿತು. ಅಲ್ಲಿಂದ ಸುತ್ತು ಹಾಕಿಸಿಕೊಂಡು ನಮ್ಮ ಬಳ್ಳಾರಿಗೇ ತಂದು ಬಿಟ್ಟಿತು.

ಆ ಶಾಲೆ ರಗ್ಬಿ. ಆಟಕ್ಕೆ ಹೆಸರು ಕೊಟ್ಟ ಊರು, ಆ ಊರಿನ ಶಾಲೆ. 1567ರಲ್ಲಿ ಅದನ್ನು ಕಟ್ಟಲು ದುಡ್ಡು ಬಿಟ್ಟುಹೋದವನು ರಾಜನಲ್ಲ, ಪಾದ್ರಿಯೂ ಅಲ್ಲ. ಲಾರೆನ್ಸ್ ಶೆರಿಫ್ ಎಂಬ ಕಿರಾಣಿ ವ್ಯಾಪಾರಿ. ಲಂಡನ್ನಿಗೆ ಹೋಗಿ ಮಸಾಲೆ ಪದಾರ್ಥ ಮಾರಿ, ಎಲಿಜಬೆತ್ ರಾಣಿಯ ಮನೆಗೂ ದಿನಸಿ ಕೊಟ್ಟು ದುಡ್ಡು ಮಾಡಿಕೊಂಡವನು. ನನ್ನೂರು ರಗ್ಬಿಯ ಮತ್ತು ಪಕ್ಕದ ಬ್ರೌನ್ಸೋವರ್ ಹಳ್ಳಿಯ ಹುಡುಗರು ಪುಕ್ಕಟೆ ಓದಲಿ ಎಂದು ಉಯಿಲು ಬರೆದ. ಇದಕ್ಕಿಂತ ಹಳೆಯ ಈಟನ್ ಕಥೆಯೂ ಹೀಗೇ. ಆರನೇ ಹೆನ್ರಿ 1440ರಲ್ಲಿ ಅದನ್ನು ಸ್ಥಾಪಿಸಿದ್ದು 70 ಬಡ ಹುಡುಗರು ಖರ್ಚಿಲ್ಲದೆ ಓದಲಿ ಎಂದು.

ಇವತ್ತು ಈ ಶಾಲೆಗಳ ವರ್ಷದ ಶುಲ್ಕ ನಮ್ಮ ಲೆಕ್ಕದಲ್ಲಿ ಹತ್ತಾರು ಲಕ್ಷ ರೂಪಾಯಿ. ಆದರೂ ಅವುಗಳ ಹೆಸರು ‘ಪಬ್ಲಿಕ್ ಸ್ಕೂಲ್’! ಯಾವ ಊರಿನವರ ಮಗನಾದರೂ ದುಡ್ಡು ಕೊಟ್ಟರೆ ಸೇರಬಹುದು, ಮನೆಪಾಠದ ಹಾಗೆ ಒಂದೇ ಮನೆಯದ್ದಲ್ಲ, ಒಂದೇ ಊರಿನದ್ದಲ್ಲ ಎಂಬ ಅರ್ಥದಲ್ಲಿ ಆ ‘ಪಬ್ಲಿಕ್’ ಬಂದದ್ದು. 1868ರಲ್ಲಿ ಬ್ರಿಟಿಷ್ ಸಂಸತ್ತು ಇಂಥ ಏಳು ಶಾಲೆಗಳಿಗೆಂದೇ ಒಂದು ಕಾಯ್ದೆ ಮಾಡಿತು, ಹೆಸರು ಗಟ್ಟಿಯಾಯಿತು. ನಮ್ಮಲ್ಲಿ ಹಳದಿ ವ್ಯಾನು, ಟೈ, ಷೂ ಇರುವ ಖಾಸಗಿ ಶಾಲೆಗಳೆಲ್ಲ ‘ಪಬ್ಲಿಕ್ ಸ್ಕೂಲ್’ ಎಂದು ಬೋರ್ಡು ಬರೆಸಿಕೊಳ್ಳುವುದರ ಮೂಲ ಇದೇ. ತಮಾಷೆಯೆಂದರೆ ಈಗ ಸರ್ಕಾರವೇ ‘ಕರ್ನಾಟಕ ಪಬ್ಲಿಕ್ ಸ್ಕೂಲ್’ ಎಂದು ತನ್ನ ಶಾಲೆಗಳಿಗೆ ಹೆಸರಿಟ್ಟಿದೆ. ಆ ಪದ ನಾಲ್ಕೈದು ನೂರು ವರ್ಷ ಅಲೆದಾಡಿ ಕೊನೆಗೆ ತನ್ನ ಸರಿಯಾದ ಅರ್ಥಕ್ಕೆ ಬಂದು ಸೇರಿದ್ದು ನಮ್ಮಲ್ಲಿ ಎನ್ನಬಹುದೇನೋ.

ಮತ್ತೆ ರಗ್ಬಿಗೆ ಬರೋಣ. ನಾವು ಈ ಶಾಲೆಗಳ ಬಗ್ಗೆ ಕೇಳುವುದೆಲ್ಲ ಶಿಸ್ತು, ಸಂಪ್ರದಾಯ, ನೂರಾರು ವರ್ಷದ ಪರಂಪರೆ. ನಿಜ ಇತಿಹಾಸ ಓದಿದರೆ ನಗು ಬರುತ್ತದೆ. 1797ರಲ್ಲಿ ರಗ್ಬಿಯ ಹುಡುಗರು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲನ್ನು ಮದ್ದಿಟ್ಟು ಉಡಾಯಿಸಿದರು. ಡೆಸ್ಕು, ಪುಸ್ತಕ ಎಲ್ಲ ಹೊರಗೆ ತಂದು ಬೆಂಕಿ ಹಚ್ಚಿದರು. ಆಮೇಲೆ ಸುತ್ತ ನೀರಿನ ಕಂದಕವಿದ್ದ ಒಂದು ದಿಬ್ಬದ ಮೇಲೆ ಹೋಗಿ ಕೂತರು. ಅವರನ್ನು ಹಿಡಿಯಲು ಊರಿಗೆ ಬಂದಿದ್ದ ಸೈನಿಕರನ್ನು ಕರೆಸಬೇಕಾಯಿತು. ಇದು ರಗ್ಬಿಯ ಒಂದರದ್ದೇ ಕಥೆಯಲ್ಲ. ವಿಂಚೆಸ್ಟರ್ ಶಾಲೆಯಲ್ಲೂ 1818ರಲ್ಲಿ ದಂಗೆಯಾಗಿ ಸೈನಿಕರು ಬಂದರು. ನೂರಾರು ಹುಡುಗರು, ಕೈಬೆರಳಲ್ಲಿ ಎಣಿಸುವಷ್ಟು ಮೇಷ್ಟ್ರು, ಬೆತ್ತ ಬಿಟ್ಟರೆ ಬೇರೆ ಉಪಾಯವಿಲ್ಲ. ರಾತ್ರಿ ಹಾಸ್ಟೆಲಿನ ಬಾಗಿಲು ಹಾಕಿದ ಮೇಲೆ ಒಳಗೆ ಏನಾಗುತ್ತದೆ ಎಂದು ಕೇಳುವವರೇ ಇರಲಿಲ್ಲ.

ಅಂಥ ಶಾಲೆಗೆ 1828ರಲ್ಲಿ ಮುಖ್ಯೋಪಾಧ್ಯಾಯರಾಗಿ ಬಂದವರು ಥಾಮಸ್ ಆರ್ನಾಲ್ಡ್. ಕವಿ ಮ್ಯಾಥ್ಯೂ ಆರ್ನಾಲ್ಡ್ ಅವರ ತಂದೆ. ಹದಿನಾಲ್ಕು ವರ್ಷ ಇದ್ದು, 1842ರಲ್ಲಿ ಆ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಅವರು ಮಾಡಿದ್ದು ಕೇಳಲು ಸರಳ. ಕೊನೆಯ ತರಗತಿಯ ದೊಡ್ಡ ಹುಡುಗರನ್ನು ಹತ್ತಿರ ಕರೆದರು, ಅವರನ್ನು ನಂಬಿದರು, ಅಧಿಕಾರ ಕೊಟ್ಟರು. ಚಿಕ್ಕವರನ್ನು ನೋಡಿಕೊಳ್ಳುವುದು, ತಪ್ಪು ಮಾಡಿದರೆ ಶಿಕ್ಷಿಸುವುದು ಎಲ್ಲ ಅವರ ಕೆಲಸ. ದೊಡ್ಡವರಿಗೆ ಆ ಜವಾಬ್ದಾರಿ ಮೊದಲೂ ಇತ್ತು; ಅದಕ್ಕೆ ನೀತಿ, ಧರ್ಮದ ಬಣ್ಣ ಕೊಟ್ಟವರು ಆರ್ನಾಲ್ಡ್. ನಾವು ‘ಪ್ರಿಫೆಕ್ಟ್’ ಎನ್ನುವುದು ಇವರನ್ನೇ.

ಇದರ ಜೊತೆಗೇ ಇದ್ದದ್ದು ‘ಫ್ಯಾಗಿಂಗ್’. ಚಿಕ್ಕ ಹುಡುಗ ದೊಡ್ಡ ಹುಡುಗನ ಆಳು. ಅವನ ಷೂ ಒರೆಸಬೇಕು, ಬ್ರೆಡ್ಡು ಸುಟ್ಟು ಕೊಡಬೇಕು, ಚಳಿಗಾಲದಲ್ಲಿ ಅವನ ಹಾಸಿಗೆಯಲ್ಲಿ ಮೊದಲು ತಾನು ಮಲಗಿ ಬೆಚ್ಚಗೆ ಮಾಡಿಕೊಡಬೇಕು. ಕರೆದ ಕೂಡಲೇ ಓಡಬೇಕು. ಇವತ್ತು ಚಾಕರಿ ಮಾಡಿದವನು ನಾಳೆ ದೊಡ್ಡವನಾಗಿ ಚಾಕರಿ ಮಾಡಿಸಿಕೊಳ್ಳುತ್ತಾನೆ, ಆದ್ದರಿಂದ ಯಾರಿಗೂ ಅದು ಅನ್ಯಾಯ ಅನ್ನಿಸುವುದಿಲ್ಲ. ಸರಪಳಿ ಹೀಗೆಯೇ ಅಲ್ಲವೇ ಉದ್ದವಾಗುವುದು? ನಮ್ಮ ಹಾಸ್ಟೆಲುಗಳಲ್ಲಿ ಸೀನಿಯರುಗಳ ಬಟ್ಟೆ ಒಗೆದವರು, ಬಕೆಟ್ಟಿಗೆ ನೀರು ತುಂಬಿಸಿಟ್ಟವರು ಇದನ್ನು ಓದುತ್ತಿದ್ದರೆ ಅವರಿಗೆ ನಾನು ಏನೂ ವಿವರಿಸಬೇಕಿಲ್ಲ. ಈಟನ್‌ನಲ್ಲಿ ಈ ಪದ್ಧತಿ ಹೆಚ್ಚುಕಡಿಮೆ 1980ರ ಹೊತ್ತಿನವರೆಗೂ ನಡೆಯಿತು ಎಂದರೆ ನಂಬಬೇಕು.

ಆರ್ನಾಲ್ಡ್ ದೇವರಂಥ ಮೇಷ್ಟ್ರು ಎಂದು ಅವರ ಶಿಷ್ಯರು ಬರೆದರು. 1857ರಲ್ಲಿ ಥಾಮಸ್ ಹ್ಯೂಸ್ ಬರೆದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿ ಆ ಕೀರ್ತಿಯನ್ನು ಜಗತ್ತಿಗೆಲ್ಲ ಹಂಚಿತು. ಆದರೆ ಅದೇ ಆರ್ನಾಲ್ಡ್ ಕಾಲದಲ್ಲಿ ಶಾಲೆಯ ಕೆಳಗಿನ ತರಗತಿಗಳನ್ನು ಹಾಗೇ ಬತ್ತಿಹೋಗಲು ಬಿಟ್ಟರು. ಅದರಿಂದ ಊರಿನ ಹುಡುಗರಿಗೆ ಸೇರುವ ದಾರಿಯೇ ಮುಚ್ಚಿತು. ದುಡ್ಡು ಕೊಟ್ಟು ಬೇರೆ ಕಡೆ ತಯಾರಾಗಿ ಬಂದವರಿಗೆ ಮಾತ್ರ ಜಾಗ. ಕಿರಾಣಿ ವ್ಯಾಪಾರಿ ಯಾರಿಗೆಂದು ಉಯಿಲು ಬರೆದಿದ್ದನೋ ಅವರೇ ಹೊರಗೆ. ಊರಿನವರು ಕೋರ್ಟಿಗೂ ಹೋದರು. ಕೊನೆಗೆ 1878ರಲ್ಲಿ ಊರಿನ ಹುಡುಗರಿಗಾಗಿ ಬೇರೆಯೇ ಒಂದು ಶಾಲೆ ತೆರೆಯಬೇಕಾಯಿತು. ಅದಕ್ಕೆ ಲಾರೆನ್ಸ್ ಶೆರಿಫ್ ಶಾಲೆ ಎಂದೇ ಹೆಸರು. ಇವತ್ತೂ ಶುಲ್ಕವಿಲ್ಲದೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆ ಅದು. ಒಂದೇ ಊರು, ಒಬ್ಬನೇ ದಾನಿ, ಎರಡು ಶಾಲೆ. ಯಾವುದು ಜಗತ್ಪ್ರಸಿದ್ಧವಾಯಿತು ಎಂದು ಹೇಳಬೇಕಿಲ್ಲ.

ಸಂಪ್ರದಾಯದ ಮಾತು ಬಂದಾಗ ಆ ಆಟದ ಕಥೆಯನ್ನೂ ಹೇಳಿಬಿಡುತ್ತೇನೆ. 1823ರಲ್ಲಿ ವಿಲಿಯಂ ವೆಬ್ ಎಲ್ಲಿಸ್ ಎಂಬ ಹುಡುಗ ಫುಟ್‌ಬಾಲ್ ಆಡುತ್ತಾ ಆಡುತ್ತಾ ಚೆಂಡನ್ನು ಕೈಗೆತ್ತಿಕೊಂಡು ಓಡಿದ, ಅದರಿಂದ ರಗ್ಬಿ ಆಟ ಹುಟ್ಟಿತು ಎಂದು ಶಾಲೆಯ ಗೋಡೆಯ ಮೇಲೆ ಕಲ್ಲು ಕೆತ್ತಿಸಿದ್ದಾರೆ. ವಿಶ್ವಕಪ್ಪಿಗೂ ಅವನದೇ ಹೆಸರು. ಆದರೆ ಎಲ್ಲಿಸ್ ಬದುಕಿದ್ದಾಗ ತಾನು ಹಾಗೆ ಮಾಡಿದೆ ಎಂದು ಹೇಳಿಕೊಂಡದ್ದಕ್ಕೆ ದಾಖಲೆಯಿಲ್ಲ. ಅವನು 1872ರಲ್ಲಿ ಸತ್ತ. ಈ ಕಥೆ ಅಚ್ಚಾಗಿ ಬಂದದ್ದು ಅದಾದ ನಾಲ್ಕು ವರ್ಷಕ್ಕೆ, ಅದೂ ಕಣ್ಣಾರೆ ಕಾಣದ ಒಬ್ಬ ಹಳೆಯ ವಿದ್ಯಾರ್ಥಿಯ ಮಾತಿನಿಂದ. ನಿಜವಾಗಿ ಆಟಕ್ಕೆ ರೂಪ ಬಂದದ್ದು 1845ರಲ್ಲಿ, ಶಾಲೆಯ ಹುಡುಗರೇ ಕೂತು ನಿಯಮಗಳನ್ನು ಬರೆದಿಟ್ಟಾಗ. ಒಬ್ಬ ವೀರ ನಿಯಮ ಮುರಿದದ್ದಲ್ಲ, ಹುಡುಗರು ಸೇರಿ ನಿಯಮ ಮಾಡಿದ್ದು. ನನಗೇನೋ ಎರಡನೆಯದೇ ಹೆಚ್ಚು ರೋಚಕ ಅನ್ನಿಸುತ್ತದೆ. ಕಲ್ಲಿನ ಮೇಲೆ ಕೆತ್ತಲು ಮೊದಲನೆಯದೇ ಚೆಂದ ಇರಬೇಕು.

ಇಷ್ಟೆಲ್ಲ ದೂರದ ಕಥೆ ನಮಗೇಕೆ? ಟಾಮ್ ಬ್ರೌನ್ ಕಾದಂಬರಿಯಲ್ಲಿ ಒಬ್ಬ ಯುವ ಮೇಷ್ಟ್ರು ಬರುತ್ತಾರೆ. ಆ ಪಾತ್ರಕ್ಕೆ ಮಾದರಿಯಾದವರು ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್, ಆರ್ನಾಲ್ಡ್ ಕೈಕೆಳಗೆ ರಗ್ಬಿಯಲ್ಲಿ ಪಾಠ ಮಾಡಿದವರು. ಮಾರ್ಲ್‌ಬರೋ ಎಂಬ ಇನ್ನೊಂದು ಶಾಲೆಯಲ್ಲಿ 1851ರಲ್ಲಿ ಹುಡುಗರು ದೊಡ್ಡ ದಂಗೆ ಎಬ್ಬಿಸಿದಾಗ ಅದನ್ನು ರಿಪೇರಿ ಮಾಡಲು ಮರುವರ್ಷ ಇವರನ್ನು ಕಳಿಸಿದರು. ಇವರು ಪ್ರಿಫೆಕ್ಟುಗಳಿಗೆ ಬಲ ಕೊಟ್ಟರು, ಮಧ್ಯಾಹ್ನದ ಹೊತ್ತು ಹುಡುಗರು ಊರು ಸುತ್ತದಂತೆ ಕಡ್ಡಾಯವೆನ್ನುವ ಹಾಗೆ ಆಟಗಳನ್ನು ತಂದರು. ದಣಿದ ಹುಡುಗ ದಂಗೆ ಎಬ್ಬಿಸುವುದಿಲ್ಲ, ಅಷ್ಟೇ ಲೆಕ್ಕ. ಅದೇ ಕಾಟನ್ 1858ರಲ್ಲಿ ಕಲ್ಕತ್ತೆಯ ಬಿಷಪ್ ಆಗಿ ಭಾರತಕ್ಕೆ ಬಂದರು. ಮರುವರ್ಷವೇ ಶಿಮ್ಲಾದಲ್ಲಿ ಶಾಲೆ. 1865ರಲ್ಲಿ ಬೆಂಗಳೂರಿನಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟ್ಟಿಗ್ರೂ ಶುರು ಮಾಡಿದ ಶಾಲೆಗೂ ಕಾಟನ್ ಹೆಸರೇ. 1866ರ ಅಕ್ಟೋಬರಿನಲ್ಲಿ ಕುಷ್ಟಿಯಾ ಎಂಬಲ್ಲಿ ದೋಣಿಗೆ ಹತ್ತುವ ಹಲಗೆಯಿಂದ ಜಾರಿ ಗೊರಾಯ್ ನದಿಗೆ ಬಿದ್ದರು. ದೇಹ ಕೂಡ ಸಿಗಲಿಲ್ಲ. ಹೆಸರು ಮಾತ್ರ ನಮ್ಮ ಬೆಂಗಳೂರಿನ ನಡುಮಧ್ಯೆ ಉಳಿಯಿತು. ಜನರಲ್ ತಿಮ್ಮಯ್ಯ ಓದಿದ್ದು ಆ ಶಾಲೆಯಲ್ಲಿ. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಜಿ.ಯು. ಪೋಪ್ ಆ ಶಾಲೆ ನಡೆಸಿದವರು.

ಹೀಗೆ ರಗ್ಬಿಯಿಂದ ಮಾರ್ಲ್‌ಬರೋ, ಅಲ್ಲಿಂದ ಶಿಮ್ಲಾ, ಬೆಂಗಳೂರು. ಮುಂದೆ ರಾಜಕುಮಾರರಿಗೆಂದು ಅಜ್ಮೀರದ ಮೇಯೊ ಕಾಲೇಜು, 1935ರಲ್ಲಿ ಡೆಹ್ರಾಡೂನಿನ ಡೂನ್ ಸ್ಕೂಲು. ಡೂನ್‌ನ ಮೊದಲ ಮುಖ್ಯೋಪಾಧ್ಯಾಯರು ಈಟನ್‌ನಿಂದಲೇ ಬಂದವರು. ಸ್ವಾತಂತ್ರ್ಯ ಬಂದ ಮೇಲೆ ಸೈನಿಕ ಶಾಲೆಗಳು. ವಿಜಯಪುರದ ಸೈನಿಕ ಶಾಲೆ 1963ರದ್ದು, ಮೊನ್ನೆ ಮೊನ್ನೆಯವರೆಗೂ ಹುಡುಗರಿಗೇ ಮೀಸಲು. ಅಲ್ಲಿನ ಹೌಸುಗಳಿಗೆ ಹೊಯ್ಸಳ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರ, ಆದಿಲ್‌ಶಾಹಿ, ಒಡೆಯರ್ ಎಂದು ಹೆಸರಿಟ್ಟರು. ಎಷ್ಟು ಚೆಂದ! ಇಂಗ್ಲಿಷ್ ಅಂಗಿಗೆ ಕನ್ನಡದ ಗುಂಡಿ. ಅಲ್ಲಿಂದ ಇಳಿದು ಇಳಿದು ನಮ್ಮ ಹಳ್ಳಿಯ ಶಾಲೆಯವರೆಗೂ ಬಂದು ತುಂಗಾ, ಭದ್ರಾ, ಕಾವೇರಿ, ಕೃಷ್ಣಾ ತಂಡಗಳಾದವು, ಪಂದ್ರಾ ಆಗಸ್ಟಿನ ಹಗ್ಗಜಗ್ಗಾಟವಾಯಿತು.

ಹೌಸುಗಳ ಬಗ್ಗೆ ನನ್ನ ತಕರಾರಿಲ್ಲ. ಎಪ್ಪತ್ತು ಜನರ ನಡುವೆ ಹೆಸರೇ ಕಳೆದುಹೋಗುವ ಹುಡುಗನಿಗೆ ‘ನಾನು ತುಂಗಾ’ ಎನ್ನುವುದಾದರೂ ಇರಲಿ. ಖೋಖೋದಲ್ಲಿ ಓಡುವವನಿಗೆ, ಓದಿನಲ್ಲಿ ಹಿಂದಿದ್ದರೂ, ಒಂದು ದಿನ ಚಪ್ಪಾಳೆ ಬೀಳುತ್ತದೆ. ತಕರಾರು ಇರುವುದು ಬೋರ್ಡಿನ ಆ ಮೂಲೆಯ ಬಗ್ಗೆ, ಹುಡುಗನೊಬ್ಬನ ಕೈಗೆ ಇನ್ನೊಬ್ಬ ಹುಡುಗನ ಬೆನ್ನನ್ನು ಕೊಡುವುದರ ಬಗ್ಗೆ.

ಆ ವಿಷಯದಲ್ಲೇ ಬಳ್ಳಾರಿ ಬರುವುದು. ರಗ್ಬಿಗೆ ಆರ್ನಾಲ್ಡ್ ಬರುವುದಕ್ಕೆ ಮೂರ್ನಾಲ್ಕು ದಶಕ ಮೊದಲೇ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯೊಂದಿತ್ತು. 1789ರಲ್ಲಿ ಅದರ ಮೇಲ್ವಿಚಾರಣೆಗೆ ನಿಂತವರು ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಅಲ್ಲಿನ ಮೇಷ್ಟ್ರುಗಳು ಇವರ ಮಾತು ಕೇಳುತ್ತಿರಲಿಲ್ಲ. ಒಂದು ದಿನ ಊರಿನ ಶಾಲೆಯಲ್ಲಿ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡರು. ಬಂದವರೇ ಮೇಷ್ಟ್ರನ್ನು ಬಿಟ್ಟು, ಎಂಟು ವರ್ಷದ ಒಬ್ಬ ಹುಡುಗನಿಗೆ ಚಿಕ್ಕವರಿಗೆ ಅಕ್ಷರ ಕಲಿಸಲು ಹಚ್ಚಿದರು. ಕೆಲಸವಾಯಿತು. 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದರು. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡವರ ಶಾಲೆಗಳಲ್ಲೆಲ್ಲ ಹಬ್ಬಿತು. ರಗ್ಬಿ ಹುಡುಗರು ಬಾಗಿಲಿಗೆ ಮದ್ದಿಟ್ಟ ವರ್ಷವೂ ಅದೇ 1797 ಎಂಬುದು ಕಾಕತಾಳೀಯ, ಆದರೂ ಬರೆಯದೆ ಇರಲಾರೆ.

ಬೆಲ್ ಕಂಡದ್ದು ಬರೀ ಮದ್ರಾಸಿನದ್ದಲ್ಲ ಎನ್ನುವುದಕ್ಕೆ 1823ರ ಒಂದು ವರದಿ ಇದೆ. ಗವರ್ನರ್ ಥಾಮಸ್ ಮನ್ರೊ ಎಲ್ಲ ಕಲೆಕ್ಟರುಗಳಿಗೂ ನಿಮ್ಮ ಜಿಲ್ಲೆಯ ಶಾಲೆಗಳ ಲೆಕ್ಕ ಕೊಡಿ ಎಂದಿದ್ದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಕೊಟ್ಟ ಲೆಕ್ಕ 533 ಶಾಲೆ, 6,641 ಮಕ್ಕಳು. ಆಗಿನ ಬಳ್ಳಾರಿ ಜಿಲ್ಲೆ ಈಗಿನದ್ದಕ್ಕಿಂತ ದೊಡ್ಡದು, ಅನಂತಪುರದ ಸೀಮೆಯೂ ಸೇರಿತ್ತು. ಬೆಳಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಕೈಗೆ ಸೊನ್ನೆ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತಾ ಹೋಗುತ್ತದೆ. ತಪ್ಪು ಮಾಡಿದರೆ ಬಸ್ಕಿ. ಇನ್ನೂ ಕೆಟ್ಟದ್ದೆಂದರೆ ಕೈ ಕಟ್ಟಿ ಮಾಡಿಗೆ ನೇತುಹಾಕುವುದು. ಹೆಣ್ಣುಮಕ್ಕಳು ತೀರಾ ಕಡಿಮೆ, ಹೆಚ್ಚುಕಡಿಮೆ ಎಲ್ಲವೂ ಹುಡುಗರ ಶಾಲೆಗಳೇ. ಆದ್ದರಿಂದ ‘ನಮ್ಮ ಹಳೆಯ ಶಾಲೆಗಳು ಸ್ವರ್ಗ’ ಎಂದು ನಾನು ಹೇಳುತ್ತಿಲ್ಲ.

ಆದರೆ ಅದೇ ಕ್ಯಾಂಪ್‌ಬೆಲ್ ಒಂದನ್ನು ಮನಸಾರೆ ಹೊಗಳುತ್ತಾನೆ. ಮುಂದಿನ ಪಾಠ ಕಲಿತ ಹುಡುಗ ಹಿಂದಿನವನಿಗೆ ಕಲಿಸುತ್ತಾನೆ, ತಾನು ಕಲಿತದ್ದೂ ಗಟ್ಟಿಯಾಗುತ್ತದೆ. ಇಂಗ್ಲೆಂಡ್ ಇದನ್ನು ನಕಲು ಮಾಡಿದ್ದು ಸರಿಯಾಗಿಯೇ ಇದೆ ಎನ್ನುತ್ತಾನೆ. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ಜನರ ಮೇಲೆ ಬಿದ್ದ ಬಡತನವೇ ಕಾರಣ ಎಂದೂ ಅವನೇ ಬರೆದಿದ್ದಾನೆ, ಕಂಪನಿಯ ಸಂಬಳ ತಿನ್ನುತ್ತಿದ್ದ ಮನುಷ್ಯ.

ಅಂದರೆ ಕ್ಲಾಸಿನಲ್ಲಿ ಒಬ್ಬ ಹುಡುಗನನ್ನು ಮುಂದೆ ನಿಲ್ಲಿಸುವುದಕ್ಕೆ ಎರಡು ಬೇರಿವೆ. ಒಂದು ನಮ್ಮ ಊರಿನ ಐಗಳ ಶಾಲೆಯದು, ಅಲ್ಲಿ ಮುಂದೆ ನಿಂತವನು ಕಲಿಸುವವನು. ಇನ್ನೊಂದು ದಂಗೆಗೆ ಹೆದರಿದ ಶಾಲೆಗಳದು, ಅಲ್ಲಿ ಮುಂದೆ ನಿಂತವನು ಕಾಯುವವನು. ಮೊದಲನೆಯದು ಹಡಗು ಹತ್ತಿ ಹೋಯಿತು, ಎರಡನೆಯದು ಹಡಗು ಇಳಿದು ಬಂತು. ನಾವು ಬಂದದ್ದನ್ನು ಇಟ್ಟುಕೊಂಡೆವು, ಹೋದದ್ದನ್ನು ಮರೆತೆವು. ‘ಮಾನಿಟರ್’ ಎಂಬ ಹೆಸರು ಮಾತ್ರ ಮದ್ರಾಸ್ ಪದ್ಧತಿಯದು, ಮಾಡಿಸುವ ಕೆಲಸ ಪೊಲೀಸಿನದು.

ಇದಕ್ಕೆ ಉತ್ತರ ಏನು ಬರುತ್ತದೆ ಎಂದು ನನಗೆ ಗೊತ್ತು. ನಮ್ಮ ಬಿ.ಎಡ್. ಕ್ಲಾಸಿನಲ್ಲೇ ಗೆಳೆಯರು ಹೇಳಿದರು. ‘ನಾಯಕತ್ವದ ಗುಣ ಬರುವುದು ಹೀಗೇ ಕಣೋ. ಈಟನ್‌ನಿಂದ ಇಪ್ಪತ್ತು ಜನ ಪ್ರಧಾನಿ ಆಗಿಲ್ಲವಾ?’ ಆಗಿದ್ದಾರೆ, ನಿಜ. ಆದರೆ ಅವರು ಪ್ರಧಾನಿಯಾದದ್ದು ಬ್ರೆಡ್ಡು ಸುಟ್ಟು ಕೊಟ್ಟಿದ್ದಕ್ಕೋ, ಅಪ್ಪನ ಜಮೀನು, ಅಪ್ಪನ ಪರಿಚಯ ಇದ್ದದ್ದಕ್ಕೋ? ನಮ್ಮ ಸರ್ಕಾರಿ ಶಾಲೆಯ ಮಾನಿಟರುಗಳಲ್ಲಿ ಎಷ್ಟು ಜನ ಶಾಸಕರಾದರು, ಲೆಕ್ಕ ಹಾಕಿ ನೋಡಿ. ನೆಹರೂ ಹ್ಯಾರೋದಲ್ಲಿ ಓದಿದವರು, ಸಲ್ಮಾನ್ ರಶ್ದಿ ರಗ್ಬಿಯಲ್ಲೇ ಓದಿದವರು. ರಶ್ದಿ ಅಲ್ಲಿನ ದಿನಗಳನ್ನು ನೆನೆದು ಬರೆದದ್ದರಲ್ಲಿ ಸಂತೋಷ ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು ಉತ್ತರ ಹೆಚ್ಚು ಪ್ರಾಮಾಣಿಕ. ‘ಎಪ್ಪತ್ತು ಮಕ್ಕಳು, ಒಬ್ಬ ಮೇಷ್ಟ್ರು. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಹಾಜರಾತಿ, ಮೇಲಿಂದ ಗಣತಿ. ಹತ್ತು ನಿಮಿಷ ಆಫೀಸಿಗೆ ಹೋದರೆ ಕ್ಲಾಸು ಯಾರು ನೋಡಿಕೊಳ್ಳಬೇಕು?’ ಇದನ್ನು ನಾನು ತಳ್ಳಿಹಾಕುವುದಿಲ್ಲ. ಆರ್ನಾಲ್ಡರದ್ದೂ ಇದೇ ಸಮಸ್ಯೆ, ಬೆಲ್‌ದೂ ಇದೇ ಸಮಸ್ಯೆ. ಇಬ್ಬರೂ ಹುಡುಗರನ್ನೇ ಬಳಸಿಕೊಂಡರು. ಬಳಸಿಕೊಂಡ ರೀತಿ ಬೇರೆ. ಅಷ್ಟು ದೂರ ಯಾಕೆ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಗುಂಪಾಗಿ ಕೂತು, ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುತ್ತಾರೆ. ಸದ್ದು ಇರುತ್ತದೆ. ಆ ಸದ್ದಿಗೆ ಯಾರೂ ಹೆಸರು ಬರೆದುಕೊಳ್ಳುವುದಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಅದೇ ಮಕ್ಕಳು ಅದೇ ಸದ್ದು ಮಾಡಿದರೆ ಅಪರಾಧ.

ಅಪರಾಧ ಎಂದೆನಲ್ಲ, ನನ್ನದನ್ನು ಹೇಳಿಬಿಡುತ್ತೇನೆ. ಎಂಟನೇ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಹಿಂದಿನ ದಿನ ಕ್ರಿಕೆಟ್ಟಿನಲ್ಲಿ ನನಗೆ ಬ್ಯಾಟಿಂಗ್ ಕೊಟ್ಟಿರಲಿಲ್ಲ. ಮರುದಿನ ಗಣಿತದ ಪೀರಿಯಡ್ಡಿಗೆ ಸರ್ ಬರುವುದು ತಡವಾಯಿತು. ಅವನು ಪಕ್ಕದವನ ಕಡೆ ಬಗ್ಗಿದ್ದು ಕಂಡಿತು. ಹೆಸರು ಬರೆದೆ. ಇಂಟು ಹಾಕಿದೆ. ಒಂದಲ್ಲ, ನಾಲ್ಕು. ಮೊದಲನೆಯದು ನಿಯಮಕ್ಕೆ, ಉಳಿದ ಮೂರು ಬ್ಯಾಟಿಂಗಿಗೆ. ನಾಲ್ಕು ಏಟು ಬಿದ್ದವು. ಹೊಡೆಯಬಾರದು ಎಂಬ ಕಾನೂನು, ಶಿಕ್ಷಣ ಹಕ್ಕು ಕಾಯ್ದೆ, 2009ರಲ್ಲೇ ಬಂದಿತ್ತು. ನಮ್ಮ ಕ್ಲಾಸಿನವರೆಗೂ ಬಂದಿರಲಿಲ್ಲ. ಅವನು ಅಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ದಸರಾ ರಜೆ ಮುಗಿದ ಮೇಲೆ ಶಾಲೆಗೆ ಬರಲಿಲ್ಲ.

ಹೋದ ವರ್ಷ ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನಲ್ಲಿ ಅಪ್ಪನ ಗಾಡಿ ಬಿಡಲು ಹೋದಾಗ ಅವನೇ ಸಿಕ್ಕ. ಸ್ವಂತ ಗ್ಯಾರೇಜು, ಕೈಕೆಳಗೆ ಇಬ್ಬರು ಹುಡುಗರು. ‘ಏನಲೇ ಮಾನಿಟ್ರೂ, ಆರಾಮೇನು?’ ಅಂದ. ಚಹಾ ತರಿಸಿದ. ಬಹಳ ಹೊತ್ತು ಸುಮ್ಮನೆ ಕೂತು ಆಮೇಲೆ ನಾನೇ ಆ ದಿನದ ಮಾತು ತೆಗೆದೆ. ಶಾಲೆ ಬಿಟ್ಟದ್ದು ಅದಕ್ಕಾ ಎಂದು ಕೇಳಿದೆ. ನಕ್ಕುಬಿಟ್ಟ. ‘ಏ, ಅದಕ್ಕಲ್ಲಲೇ. ಅಪ್ಪ ಗ್ಯಾರೇಜಿಗೆ ಹಚ್ಚಿದ, ಬಂದೆ. ಆದ್ರ ಒಂದು ಹೇಳ್ತೀನಿ ಕೇಳು. ಅವತ್ತು ನಾನು ಮಾತಾಡಿದ್ದಿಲ್ಲ. ಬೀಜಗಣಿತ ತಲಿಗೆ ಹತ್ತಿದ್ದಿಲ್ಲ, ಆ ಎಕ್ಸ್ ಈ ಕಡೆಗೆ ಹೆಂಗ ಬಂತು ಅಂತ ಬಾಜೂಕಿನವ್ನ ಕೇಳ್ತಿದ್ದೆ.’

ಇಷ್ಟು ಹೇಳಿ ಎದ್ದು ಹೋಗಿ ಗಾಡಿಯ ಚೈನು ಬಿಚ್ಚತೊಡಗಿದ. ಅವನ ಹುಡುಗನೊಬ್ಬ ಪಾನಾ ತಪ್ಪು ಸೈಜಿನದ್ದು ತಂದ. ಇವನು ಬೈಯಲಿಲ್ಲ. ಇನ್ನೊಬ್ಬ ಹುಡುಗನನ್ನು ಕರೆದು, ‘ಯಾವ ಬೋಲ್ಟಿಗೆ ಯಾವ ಪಾನಾ ಅಂತ ಅವ್ನಿಗೆ ತೋರಿಸಿಕೊಡು’ ಅಂದ.

ಮುಂದಿನ ವರ್ಷ ನಾನೂ ಮೇಷ್ಟ್ರಾಗುತ್ತೇನೆ, ಕೆಲಸ ಸಿಕ್ಕರೆ. ನನ್ನ ಆಸೆ ದೊಡ್ಡದೇನಲ್ಲ. ಮಾನಿಟರ್ ಇರಲಿ, ಆದರೆ ವಾರಕ್ಕೊಬ್ಬ ಬದಲಾಗಲಿ, ಕೊನೆಯ ಬೆಂಚಿನವನಿಗೂ ಸರದಿ ಬರಲಿ. ಅವನ ಕೆಲಸ ಹೆಸರು ಬರೆಯುವುದಲ್ಲ, ಇವತ್ತಿನ ಲೆಕ್ಕ ಯಾರಿಗೆ ಬಂದಿಲ್ಲ, ಯಾರಿಗೆ ಬಂದಿದೆ ಎಂದು ನೋಡಿ ಇಬ್ಬರನ್ನೂ ಜೊತೆಗೆ ಕೂರಿಸುವುದು. ಬೋರ್ಡಿನ ಮೂಲೆ ಖಾಲಿ ಇರಲಿ, ಬೇಕಾದರೆ ಅಲ್ಲಿ ಕಷ್ಟದ ಪದಗಳನ್ನು ಬರೆಯಲಿ. ಹಾಸ್ಟೆಲುಗಳಲ್ಲಿ ‘ಸಂಪ್ರದಾಯ’ ಎಂಬ ಹೆಸರಿನಲ್ಲಿ ಚಿಕ್ಕವರಿಂದ ದೊಡ್ಡವರು ಮಾಡಿಸಿಕೊಳ್ಳುವ ಚಾಕರಿಯನ್ನು ವಾರ್ಡನ್‌ಗಳು ಕಂಡೂ ಕಾಣದಂತೆ ಇರುವುದು ನಿಲ್ಲಲಿ. ಅದು ಸಂಪ್ರದಾಯವಲ್ಲ, ಮೇಷ್ಟ್ರು ಸಾಲದ ಕಾಲದಲ್ಲಿ ಹುಡುಕಿಕೊಂಡ ಅಗ್ಗದ ಉಪಾಯ. ಅದನ್ನು ಹುಟ್ಟಿಸಿದ ಶಾಲೆಗಳೇ ಬಿಟ್ಟು ಎಷ್ಟೋ ವರ್ಷವಾಯಿತು.

ಈ ಡಿಸೆಂಬರಿನಲ್ಲಿ ಪಾಠಾಭ್ಯಾಸಕ್ಕೆಂದು ನನ್ನನ್ನು ಒಂದು ಹುಡುಗರ ಪ್ರೌಢಶಾಲೆಗೆ ಹಾಕಿದ್ದರು. ಒಂಬತ್ತನೇ ತರಗತಿ, ಗಣಿತ. ಒಳಗೆ ಹೋದಾಗ ಹಿಂದಿನ ಪೀರಿಯಡ್ಡಿನ ಪಟ್ಟಿ ಇನ್ನೂ ಬೋರ್ಡಿನ ಮೇಲಿತ್ತು, ಹನ್ನೊಂದು ಹೆಸರು. ಒರೆಸಿದೆ. ನಾಲ್ಕು ಲೆಕ್ಕ ಬರೆದು, ಬಾರದವರು ಬಂದವರನ್ನು ಕೇಳಿ ಎಂದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಮಾನಿಟರ್ ಹುಡುಗ ಚಾಕ್‌ಪೀಸ್ ಹಿಡಿದುಕೊಂಡೇ ನಿಂತಿದ್ದ, ಏನು ಮಾಡಬೇಕೆಂದು ಗೊತ್ತಾಗದೆ. ಐದು ನಿಮಿಷಕ್ಕೆ ಕ್ಲಾಸು ಸಂತೆಯಾಯಿತು. ಹೆಡ್‌ಮಾಸ್ಟರು ಬಾಗಿಲಿಗೆ ಬಂದು, ‘ಏನ್ರೀ ಇದು ಗದ್ದಲ? ಮಾನಿಟರ್ ಇಲ್ಲೇನು?’ ಎಂದರು. ‘ಇದ್ದಾನೆ ಸರ್, ಮೂರನೇ ಲೆಕ್ಕ ಹೇಳಿಕೊಡ್ತಿದ್ದಾನೆ’ ಎಂದೆ. ಅವರು ಕನ್ನಡಕದ ಮೇಲಿಂದ ಹಿಂದಿನ ಬೆಂಚಿನ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ‘ಸರಿ, ಬಾಗಿಲಾದರೂ ಹಾಕ್ಕೊಳ್ರಿ’ ಎಂದು ಹೋದರು.